ಪದಚರ್ಚೆ: ಎಂಜಿನ್ನಿನ ಹೊಟ್ಟೆಯೊಳಗಿನ ಎಂಜಿನ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ಮಕ್ಕಳಿಗಾಗಿ ಮಾದರಿ ರೈಲುಗಳ ಪ್ರದರ್ಶನ ಮಾಡುತ್ತಿದ್ದೇವೆ. 1962ರಲ್ಲಿ ಅಮೆರಿಕದಿಂದ ಬಂದ ಎರಡು ಡೀಸೆಲ್ ರೈಲು ಎಂಜಿನ್‌ಗಳನ್ನು ಹೋಲಿಸುವ ಬೋರ್ಡ್ ಬರೆಯಬೇಕು. ಒಂದು ಆಲ್ಕೊ ಕಂಪನಿಯ ಡಬ್ಲ್ಯೂಡಿಎಂ-2, ಇನ್ನೊಂದು ಜನರಲ್ ಮೋಟಾರ್ಸ್‌ನ ಇಎಂಡಿ ಕಟ್ಟಿದ ಡಬ್ಲ್ಯೂಡಿಎಂ-4. ಎರಡಕ್ಕೂ 16 ಸಿಲಿಂಡರ್, ಎರಡೂ 2600 ಅಶ್ವಶಕ್ತಿ. ನಾನು ಬರೆದ ಸಾಲು: "ಆಲ್ಕೊ ಎಂಜಿನ್ನಿನ ಎಂಜಿನ್ ಫೋರ್ ಸ್ಟ್ರೋಕ್, ಇಎಂಡಿ ಎಂಜಿನ್ನಿನ ಎಂಜಿನ್ ಟೂ ಸ್ಟ್ರೋಕ್." (ಸ್ಟ್ರೋಕ್ ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ನಿನ ಒಂದು ಏರು ಅಥವಾ ಇಳಿತ.) ಓದಿದವರೆಲ್ಲ ನಗುತ್ತಿದ್ದಾರೆ. ಹಳಿಯ ಮೇಲೆ ಓಡೋದೂ ಎಂಜಿನ್, ಹೊಟ್ಟೆಯಲ್ಲಿರೋದೂ ಎಂಜಿನ್. ಒಂದಕ್ಕೆ ಬೇರೆ ಹೆಸರು ಬೇಕು. ಡ್ರೈವರ್ ಕ್ಯಾಬಿನ್ನಿನ ಆಚೀಚೆ ಕವಚದಂತೆ ಚಾಚಿರುವ ಲಾಂಗ್ ಹುಡ್, ಶಾರ್ಟ್ ಹುಡ್‌ಗೂ ಏನಾದರೂ ಹೇಳಿ. ನಾಳೆ ಮಧ್ಯಾಹ್ನ ಫ್ಲೆಕ್ಸ್ ಪ್ರಿಂಟಿಗೆ ಹೋಗುತ್ತೆ.

ಶಿವಮೊಗ್ಗದಿಂದ:
ಎಳೆಬಂಡಿ. ಒಳಗಿನದು ಎಂಜಿನ್ ಆಗಿಯೇ ಇರಲಿ, ಅದು ಬೇರೂರಿದೆ. ಹುಡ್‌ಗೆ ಮೂತಿ ಸಾಕು: ಉದ್ದ ಮೂತಿ, ಮೋಟು ಮೂತಿ. ಯಾರಾದರೂ 'ಲೋಕೊ' ಅನ್ನುವ ಮೊದಲೇ ಹೇಳಿಬಿಡುತ್ತೇನೆ, ಬೇಡ. 'ಲೋಕೊಮೋಟಿವ್' ಅನ್ನೋದರ ಬಾಲ ಕತ್ತರಿಸಿದ ಇಂಗ್ಲಿಷ್ ಅದು.

ಹುಬ್ಬಳ್ಳಿಯಿಂದ:
ಎಳೆಬಂಡಿ ಅಂದರೆ ಎಳೆಗರು, ಎಳೆಸೌತೆ ಸಾಲಿಗೆ ಸೇರುತ್ತೆ. ನೂರು ಟನ್ನಿಗೂ ಜಾಸ್ತಿ ತೂಗುವ ಗಾಡಿ ಸ್ವಾಮಿ ಅದು! ಡೀಸೆಲ್ ಶೆಡ್ಡಿನಲ್ಲಿ ಕೆಲಸ ಮಾಡಿದವನು ನಾನು. ಇಡೀ ಗಾಡಿಗೆ ಲೋಕೊ ಅಂತಿದ್ದೆವು, ಒಳಗಿನದಕ್ಕೆ ಎಂಜಿನ್. ಜನರೇಟರ್ ಸಮೇತ ಎತ್ತಿ ಇಳಿಸುವಾಗ ಪವರ್ ಪ್ಯಾಕ್. ಗೊಂದಲ ಶೆಡ್ಡಿನ ಗೇಟಿನಿಂದ ಹೊರಗೆ ಮಾತ್ರ.

ಪದಕ್ಕಿಂತ ನಿಮ್ಮ ಸಾಲಿನ ಬಗ್ಗೆ ನನ್ನ ತಕರಾರು. ಸ್ಟ್ರೋಕ್ ಎಷ್ಟು ಅಂತ ಹೇಳಿದರೆ ಮಕ್ಕಳಿಗೆ ಏನು ಸಿಗುತ್ತೆ? ಹೊಗೆಯ ವಿಷಯ ಬರೆಯಿರಿ. ಆಲ್ಕೊದ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ತಿರುಗೋದು ಹೊರಹೋಗುವ ಹೊಗೆಯ ರಭಸಕ್ಕೆ ಮಾತ್ರ. ಡ್ರೈವರ್ ನಾಚ್ (ಎಂಜಿನ್ ಶಕ್ತಿಯ ಮೆಟ್ಟಿಲು) ಏರಿಸಿದ ಕೂಡಲೇ ಡೀಸೆಲ್ ಜಾಸ್ತಿ ಹೋಗುತ್ತೆ, ಟರ್ಬೊ ಇನ್ನೂ ವೇಗ ಹಿಡಿದಿರುವುದಿಲ್ಲ. ಗಾಳಿ ಸಾಲದೆ ಕರಿಹೊಗೆ ಬುಸ್ಸೆಂದು ಮೇಲೇಳುತ್ತೆ. ಇಎಂಡಿಯ ಟರ್ಬೊಗೆ ಗೇರ್ ಇದೆ. ಲೋಡ್ ಕಡಿಮೆ ಇದ್ದಾಗ ಎಂಜಿನ್ನೇ ಅದನ್ನು ತಿರುಗಿಸುತ್ತೆ. ಹೊಗೆಗೆ ಬಲ ಬಂದ ಮೇಲೆ ಕ್ಲಚ್ ಬಿಟ್ಟುಕೊಂಡು ಟರ್ಬೊ ಸ್ವಂತ ಓಟಕ್ಕೆ ಬೀಳುತ್ತೆ. ಟೂ ಸ್ಟ್ರೋಕ್ ಡೀಸೆಲ್‌ಗೆ ಸ್ಟಾರ್ಟ್ ಆಗುವಾಗಲೇ ಯಾರಾದರೂ ಗಾಳಿ ತಳ್ಳಬೇಕು, ಅದಕ್ಕೇ ಈ ಏರ್ಪಾಡು.

ಮೈಸೂರಿನಿಂದ:
ದಯವಿಟ್ಟು ಸ್ಟ್ರೋಕ್‌ಗೆ 'ಹೊಡೆತ' ಅನ್ನಬೇಡಿ. ಯೆಜ್ಡಿ ಬೈಕ್ ತಯಾರಾದ ಊರು ನಮ್ಮದು, ಟೂ ಸ್ಟ್ರೋಕ್ ಅಂದರೆ ಎಲ್ಲರಿಗೂ ಗೊತ್ತು. ಆದರೆ ಬೈಕಿನ ಹಾಗೆ ಪೆಟ್ರೋಲಿಗೆ ಆಯಿಲ್ ಬೆರೆಸುವ ಲೆಕ್ಕ ಇಲ್ಲಿಲ್ಲ ಅಂತ ಒಂದು ಮಾತು ಸೇರಿಸಿ. ಇಎಂಡಿಯಲ್ಲಿ ಗಾಳಿ ಬರೋದು ಲೈನರ್ (ಸಿಲಿಂಡರಿನ ಒಳಗೋಡೆ) ಬದಿಯ ಕಿಂಡಿಗಳಿಂದ, ಹೊಗೆ ಹೋಗೋದು ತಲೆಯ ಮೇಲಿನ ವಾಲ್ವ್‌ಗಳಿಂದ. ಇನ್ನು ಲೋಕೊ ಬಗ್ಗೆ: ಮೂಲ ನಮ್ಮ 'ಲೋಕ'ವೇ ಅಲ್ವಾ? ಹಾಗಿದ್ದರೆ ಪರಕೀಯ ಅನ್ನೋ ಪ್ರಶ್ನೆಯೇ ಬರಲ್ಲ.

ಧಾರವಾಡದಿಂದ:
ಅಲ್ಲ. ಲ್ಯಾಟಿನ್‌ನ ಲೋಕಸ್, ಅಂದರೆ ಜಾಗ. ಅದರ ಹಳೆಯ ರೂಪ ಸ್ಟ್ಲೋಕಸ್. ಲೋಕಕ್ಕೂ ಅದಕ್ಕೂ ನಂಟಿಲ್ಲ. ಉಚ್ಚಾರ ಹೊಂದಿತು ಅಂತ ಸಂಬಂಧ ಕಟ್ಟಬೇಡಿ.

ಶಿವಮೊಗ್ಗದಿಂದ:
ಸರಿಯಾಗಿ ಹೇಳಿದಿರಿ. ಶೆಡ್ಡಿನವರು ಆಡಿದ್ದೆಲ್ಲ ಕನ್ನಡವಾಗುವುದಾದರೆ ಈ ಗುಂಪೇ ಬೇಡ. ಸುಮ್ನೆ ಇಂಗ್ಲಿಷ್ ನಿಘಂಟನ್ನೇ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿ. ಲೋಕೊದಿಂದ ಒಂದು ಕ್ರಿಯಾಪದ ಕಟ್ಟಿ ತೋರಿಸಿ, ಆಮೇಲೆ ಮಾತಾಡೋಣ.

ಹುಬ್ಬಳ್ಳಿಯಿಂದ:
ಬಂಡಿಯಿಂದ ಯಾವ ಕ್ರಿಯಾಪದ ಕಟ್ಟಿದ್ದೀರಿ ರಾಯರೇ?

ಎರವಲು ಅಂದರೆ ಏನು ಅನ್ನೋದಕ್ಕೆ ಇದೇ ಎರಡು ಲೋಕೊ ಸಾಕ್ಷಿ. ಇಎಂಡಿ ಕಳಪೆಯಲ್ಲ. 1969ರಲ್ಲಿ ಹೌರಾ–ದೆಹಲಿ ನಡುವೆ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಎಳೆದದ್ದು ಡಬ್ಲ್ಯೂಡಿಎಂ-4. ಆದರೂ ಬಂದದ್ದು ಬರೀ 72. ಆಲ್ಕೊ ತಂತ್ರಜ್ಞಾನ ಕೊಡಲು ಒಪ್ಪಿತು, ವಾರಣಾಸಿಯಲ್ಲಿ 1964ರಿಂದ ಇಲ್ಲೇ ತಯಾರಾಯಿತು. ಅಮೆರಿಕದ ಆಲ್ಕೊ 1969ರಲ್ಲಿ ಲೋಕೊ ಕಟ್ಟೋದನ್ನೇ ನಿಲ್ಲಿಸಿತು, ನಾವು ಮಾತ್ರ ದಶಕಗಟ್ಟಲೆ ಕಟ್ಟುತ್ತಲೇ ಇದ್ದೆವು. ಈಗ ಅದನ್ನು ಅಮೆರಿಕದ್ದು ಅಂತೀರಾ? ಮುಂದೆ ಇಎಂಡಿಯವರೂ ತಂತ್ರಜ್ಞಾನ ಕೊಟ್ಟರು, ಡಬ್ಲ್ಯೂಡಿಜಿ-4 ಬಂದು ನಮ್ಮ ಹುಬ್ಬಳ್ಳಿ ಶೆಡ್ ಸೇರಿತು. ಅದೂ ಟೂ ಸ್ಟ್ರೋಕೇ.

ಶಿವಮೊಗ್ಗದಿಂದ:
ಕಬ್ಬಿಣದ ಮಾತು ಬೇರೆ, ನುಡಿಯ ಮಾತು ಬೇರೆ.

ಕೇಳಿದವರು:
ಬೋರ್ಡ್ ಹೀಗೆ ಹೋಗುತ್ತಿದೆ: "ಲೋಕೊ ಎರಡು, ಶಕ್ತಿ ಒಂದೇ. ಆಲ್ಕೊ ಲೋಕೊದ ಎಂಜಿನ್ ಫೋರ್ ಸ್ಟ್ರೋಕ್. ವೇಗ ಏರುವಾಗ ಕರಿಹೊಗೆ ಬಿಡುತ್ತದೆ. ಇಎಂಡಿ ಲೋಕೊದ ಎಂಜಿನ್ ಟೂ ಸ್ಟ್ರೋಕ್; ಅದರ ಟರ್ಬೊವನ್ನು ಮೊದಮೊದಲು ಎಂಜಿನ್ನೇ ತಿರುಗಿಸುತ್ತದೆ. ಎರಡರಲ್ಲೂ ಎಂಜಿನ್ ಇರುವುದು ಉದ್ದ ಮೂತಿಯೊಳಗೆ." ಶಿವಮೊಗ್ಗದವರ ಮೋಟು ಮೂತಿ ನನ್ನ ಮಗಳಿಗೆ ತುಂಬಾ ಹಿಡಿಸಿತು, ಚಿತ್ರದ ಮೇಲೆ ಬಾಣ ಹಾಕಿ ಅದನ್ನೂ ಬರೆಸಿದ್ದೇನೆ. 'ಟರ್ಬೊ' ಬೇಡ ಅನ್ನುವವರು ನಾಳೆ ಹನ್ನೆರಡರೊಳಗೆ ತಿಳಿಸಿ.