ಕೀ ಯಾರ ಹತ್ರ ಇದೆ ಸ್ವಾಮಿ?

ಬೆಂಗಳೂರಿನ ಒಂದು ದರ್ಶಿನಿ. ಕಲ್ಲುಮೇಜಿನ ಸುತ್ತ ನಾಲ್ಕು ಜನ, ಮೇಜಿನ ಮೇಲೆ ಎರಡು ಬೈಟೂ ಕಾಫಿ. ಎದುರು ಮೈದಾನದಲ್ಲಿ ವಾರ್ಡಿನ ಅಭ್ಯರ್ಥಿಗಳೆಲ್ಲ ಈಗಷ್ಟೇ ಒಂದೇ ವೇದಿಕೆ ಹತ್ತಿ ಇಳಿದಿದ್ದಾರೆ. ಷಾಮಿಯಾನ ಬಿಚ್ಚೋ ಮೊದಲೇ ಇಲ್ಲಿ ಪೋಸ್ಟ್‌ಮಾರ್ಟಂ ಶುರುವಾಗಿದೆ.

"198 ವಾರ್ಡು ಇದ್ದದ್ದು 369 ಆಯ್ತು, ಒಂದು ಪಾಲಿಕೆ ಇದ್ದದ್ದು ಐದಾಯ್ತು," ಅಂದರು ಗೌಡ್ರು. "ಭರವಸೆ ಮಾತ್ರ ಅದೇ ಹಳೇ ಫ್ಲೆಕ್ಸು. ಹೆಸರಿನ ಮೇಲೆ ಸ್ಟಿಕ್ಕರ್ ಅಂಟಿಸಿದಾರೆ, ಅಷ್ಟೆ."

"ಪಾಪ, ಮಾತು ಮರೆತುಹೋಗಿರುತ್ತೆ ಬಿಡಿ," ಅಂದರು ಮೇಷ್ಟ್ರು. "2015ರಲ್ಲಿ ಗೆದ್ದ ಕಾರ್ಪೊರೇಟರ್‌ಗಳು 2020ರ ಸೆಪ್ಟೆಂಬರ್‌ನಲ್ಲಿ ಮನೆಗೆ ಹೋದ್ರು. ಅವತ್ತಿಂದ ಚರಂಡಿ ಕಟ್ಟಿಕೊಂಡ್ರೆ ಬೈಯೋಕೂ ಒಂದು ಮುಖ ಇರಲಿಲ್ಲ."

"ಆ ಮೂರನೇ ಅಭ್ಯರ್ಥಿ ಏನು ಹೇಳಿದ್ರು?"

"ಆಯಮ್ಮ ಏನು ಹೇಳ್ತಾರೆ? ಮಹಿಳಾ ಮೀಸಲು ವಾರ್ಡು. ಅಭ್ಯರ್ಥಿ ಹೆಂಡತಿ, ಮೈಕು ಗಂಡನ ಕೈಲಿ. ಫ್ಲೆಕ್ಸಲ್ಲಿ ಗಂಡನ ಮೀಸೆ ಇರೋವಷ್ಟು ಜಾಗದಲ್ಲಿ ಆಕೆ ಇಡೀ ಫೋಟೋ ಇದೆ."

ರಾಯರು ಲೋಟ ಕೆಳಗಿಟ್ಟರು. ಪಾಲಿಕೆಯ ಎಲೆಕ್ಟ್ರಿಕಲ್ ವಿಭಾಗದಿಂದ ನಿವೃತ್ತರು. ಬೀದಿದೀಪದ ಮಾತು ಬಂದ್ರೆ ಕಾಫಿ ಆರಿಹೋದರೂ ಪರವಾಗಿಲ್ಲ ಅವರಿಗೆ. "ಬೀದಿಗೆರಡು ಸಿಸಿಟಿವಿ ಅಂತ ಮೂರು ಜನ ಹೇಳಿದ್ರು ನೋಡಿ. ಯಾವ ಎತ್ತರಕ್ಕೆ ಅಂತ ಒಬ್ಬರೂ ಹೇಳಲಿಲ್ಲ. ಕಿತ್ತುಕೊಂಡು ಹೋಗ್ತಾರೆ ಅಂತ ಇಪ್ಪತ್ತಡಿ ಮೇಲೆ ಕಟ್ತಾರೆ. ಅಲ್ಲಿಂದ ನೆತ್ತಿ ಮಾತ್ರ ಕಾಣೋದು."

"ಕಳ್ಳ ನಿಮ್ಮ ಥರ ಬೋಳುತಲೆಯವನಾದ್ರೆ ಹಿಡೀಬಹುದು."

"ಹಿಡೀಲಿ, ಆದ್ರೆ ಬೆಳಕು ಬೇಕಲ್ಲ? ಕತ್ತಲಲ್ಲಿ ಕ್ಯಾಮೆರಾ ಇದ್ದರೆಷ್ಟು ಬಿಟ್ಟರೆಷ್ಟು. ಬೀದಿಯಲ್ಲಿ ಒಂದು ದೀಪ ಆರಿದ್ರೆ ಬಲ್ಬ್ ಹೋಗಿದೆ ಅಂತ ಅರ್ಥ. ಸಾಲುಸಾಲು ದೀಪ ಒಟ್ಟಿಗೆ ಆರಿದ್ರೆ ಬಲ್ಬ್ ನೋಡಲೇಬೇಡಿ. ಆ ಸಾಲಿಗೆಲ್ಲ ಒಂದೇ ಸ್ವಿಚ್ ಬಾಕ್ಸು. ಒಳಗೆ ಹೊತ್ತು ನೋಡೋ ಟೈಮರೋ, ಸಾಲಿಗೆಲ್ಲ ಕರೆಂಟ್ ಬಿಡೋ ಕಾಂಟ್ಯಾಕ್ಟರ್ ಅನ್ನೋ ಸ್ವಿಚ್ಚೋ ಕೈಕೊಟ್ಟಿರುತ್ತೆ. ರಿಪೇರಿಗೆ ಬಂದ ಹುಡುಗನ ಹತ್ರ ಹೊಸ ಟೈಮರ್ ಇರಲ್ಲ, ಟೈಮರ್ ಬಿಟ್ಟು ಡೈರೆಕ್ಟ್ ಲೈನ್ ಕೊಟ್ಟು ಹೋಗ್ತಾನೆ. ಆಮೇಲೆ ನೋಡಿ, ಮಟಮಟ ಮಧ್ಯಾಹ್ನವೂ ದೀಪ ಉರೀತಾ ಇರುತ್ತೆ."

"ಸೂರ್ಯನಿಗೆ ದೀಪ ತೋರಿಸೋದು ಅಂತಾರಲ್ಲ, ಅದಕ್ಕೂ ಕರೆಂಟ್ ಬಿಲ್ಲು," ಅಂದರು ಮೇಷ್ಟ್ರು.

"ಇನ್ನೊಂದು ತಮಾಷೆ. ದೀಪ ಚೆನ್ನಾಗೇ ಉರೀತಿರುತ್ತೆ, ಬೀದಿ ಮಾತ್ರ ಕತ್ತಲು. ಯಾಕೆ? ದೀಪ ಹೊಂಗೆಮರದ ಮೇಲೆ, ರಸ್ತೆ ಮರದ ಕೆಳಗೆ. ಬೆಳಕೆಲ್ಲ ಕಾಗೆಗೂಡಿಗೆ! ಅಲ್ಲಿ ಎಲ್‌ಇಡಿ ಬದಲಾಯಿಸಿ ಏನು ಬಂತು, ಕೊಂಬೆ ಸವರಿಸಬೇಕು. ಸವರೋದು ಅರಣ್ಯ ಘಟಕ, ದೀಪ ಎಲೆಕ್ಟ್ರಿಕಲ್ ವಿಭಾಗ. ಇಬ್ಬರನ್ನೂ ಒಂದೇ ದಿನ ಆ ಮರದ ಕೆಳಗೆ ನಿಲ್ಲಿಸೋದೇ ಕಾರ್ಪೊರೇಟರ್ ಕೆಲಸ. ಅದನ್ನ ಬಿಟ್ಟು ಬೀದಿಗೊಂದು ಪೊಲೀಸ್ ಚೌಕಿ ಅಂತಾರೆ! ಪೊಲೀಸರು ಗೃಹ ಇಲಾಖೆಗೆ ಸೇರಿದೋರು. ಕಾರ್ಪೊರೇಟರ್ ಕೈಯಲ್ಲಿ ಒಂದು ಲಾಠಿಯೂ ಇಲ್ಲ."

"ಕಂಪ್ಲೇಂಟ್ ಎಲ್ಲಿಗೆ ಕೊಡೋದು ಅಂತಾದ್ರೂ ಹೇಳಿ ರಾಯರೇ."

"ಮನೆ ಕರೆಂಟೂ ಹೋಗಿದ್ರೆ, ತಂತಿ ಬಿದ್ದಿದ್ರೆ, ಬೆಸ್ಕಾಂಗೆ 1912. ಬೀದಿದೀಪ ಮಾತ್ರ ಅಂದ್ರೆ ಪಾಲಿಕೆಗೆ 1533. ಕಂಬದ ಮೇಲಿನ ನಂಬರ್ ಹೇಳಿ. 'ಗಣಪತಿ ಗುಡಿ ಹತ್ರ' ಅಂದ್ರೆ ಈ ಊರಲ್ಲಿ ಯಾವ ಗಣಪತಿ ಅಂತ ಹುಡುಕ್ತಾರೆ?"

ಅಕ್ಕ ಇಷ್ಟು ಹೊತ್ತು ಸುಮ್ಮನಿದ್ದರು. ವಸತಿರಹಿತರ ತಂಗುದಾಣಗಳ ಲೆಕ್ಕಪತ್ರ ನೋಡೋ ಕೆಲಸ ಅವರದು. "ಫುಟ್‌ಪಾತ್ ಮೇಲೆ ಮಲಗೋರನ್ನ ಎತ್ತಿಸಿ ಊರು ಸುರಕ್ಷಿತ ಮಾಡ್ತೀನಿ ಅಂದ್ರಲ್ಲ, ಅದು ಕೇಳಿಸ್ತಾ?"

"ಚಪ್ಪಾಳೆ ಜೋರಾಗಿ ಬಿತ್ತು ಅಕ್ಕ."

"ಬೀಳುತ್ತೆ. ಅಲ್ಲಿ ಮಲಗೋನು ರಾಯರ ದೀಪದ ಕೆಳಗೇ ಯಾಕೆ ಜಾಗ ಹುಡುಕ್ತಾನೆ ಗೊತ್ತಾ? ಅವನಿಗೂ ಕಳ್ಳರ ಭಯ. ಚಪ್ಪಲಿ ತಲೆ ಕೆಳಗೆ, ಆಧಾರ್ ಕಾರ್ಡು ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಅಂಗಿ ಒಳಗೆ, ಚೀಲದ ಹಿಡಿ ಮಣಿಕಟ್ಟಿಗೆ ಕಟ್ಟಿಕೊಂಡು ಮಲಗ್ತಾನೆ."

"ತಂಗುದಾಣಕ್ಕೆ ಹೋಗಬಹುದಲ್ವಾ?" ಅಂದರು ಗೌಡ್ರು.

"ಎಲ್ಲಿದೆ ಅದು? ಸಿಟಿ ಮಾರ್ಕೆಟ್ಟಲ್ಲಿ ಮೂಟೆ ಇಳಿಸೋ ಕೆಲಸ ಬೆಳಗಿನ ಜಾವ ಶುರು. ನಾಲ್ಕು ಕಿಲೋಮೀಟರ್ ಆಚೆ ಹಾಸಿಗೆ ಕೊಟ್ರೆ ಆ ಹೊತ್ತಿಗೆ ಯಾವ ಬಸ್ಸಲ್ಲಿ ಬರ್ತಾನೆ? ಕೆಲಸದಿಂದ ನಡೆದುಹೋಗೋ ದೂರದಲ್ಲಿ ಇರಬೇಕು. ಗಂಡಸರಿಗೆ ಮಾತ್ರ ಅಂತ ಬೋರ್ಡಿದ್ರೆ ಹೆಂಡತಿ ಮಕ್ಕಳು ಇರೋನು ಬರಲ್ಲ. ಬೀಗ ಹಾಕೋ ಕಪಾಟಿಲ್ಲದಿದ್ರೆ ಚೀಲ ಇರೋನು ಬರಲ್ಲ. ಮದುವೆ ಛತ್ರದಲ್ಲಿ ಬಡಿಸೋನು ಕೆಲಸ ಮುಗಿಸಿ ಹನ್ನೆರಡಕ್ಕೆ ಬರ್ತಾನೆ, ಗೇಟು ಹತ್ತಕ್ಕೇ ಬಂದ್. ಆಮೇಲೆ ರಿಜಿಸ್ಟರಲ್ಲಿ ಬರೀತಾರೆ, 'ಹಾಸಿಗೆ ಖಾಲಿ, ಬೇಡಿಕೆ ಇಲ್ಲ' ಅಂತ."

"ರೂಲ್ಸ್ ಏನಿದೆ ಹಾಗಾದ್ರೆ?"

"2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಲಕ್ಷ ಜನಕ್ಕೊಂದು, ವರ್ಷಪೂರ್ತಿ, ದಿನದ 24 ಗಂಟೆ. ಕೇಂದ್ರದ ಯೋಜನೆ ಪ್ರಕಾರ ಲಕ್ಷಕ್ಕೆ ಕನಿಷ್ಠ 100 ಜನ ಮಲಗೋ ಜಾಗ, ತಲೆಗೆ 50 ಚದರ ಅಡಿ. ಐದಡಿ ಅಗಲ, ಹತ್ತಡಿ ಉದ್ದ."

ಮೇಷ್ಟ್ರು ಬಿಲ್ಲಿನ ಹಿಂದೆ ಲೆಕ್ಕ ಹಾಕಿದರು. "100 ಜನಕ್ಕೆ 5,000 ಚದರ ಅಡಿ. ಹೆಚ್ಚುಕಡಿಮೆ ನಾಲ್ಕು ಥರ್ಟಿ-ಫಾರ್ಟಿ ಸೈಟು! 2011ರ ಗಣತಿಯಲ್ಲಿ ಊರಿನ ಜನ 84 ಲಕ್ಷ. 369 ವಾರ್ಡಿಗೆ ಹಂಚಿದ್ರೆ ವಾರ್ಡಿಗೆ ಸುಮಾರು 23,000. ಅಂದ್ರೆ ಹೆಚ್ಚುಕಡಿಮೆ ನಾಲ್ಕು ವಾರ್ಡಿಗೊಂದು ತಂಗುದಾಣ."

"ಅಲ್ಲೇ ಕೆಟ್ಟಿತು," ಅಂದರು ಗೌಡ್ರು. "ನಾಲ್ವರೂ ಪಕ್ಕದ ವಾರ್ಡು ತೋರಿಸ್ತಾರೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ, ಕೊತ್ತಿ ಪಕ್ಕದ ವಾರ್ಡಲ್ಲಿ."

"ಪಾಲಿಕೆ ಹತ್ರ ದುಡ್ಡಿಲ್ಲ ಅಂದ್ರಲ್ಲ ಇಬ್ಬರು?"

"ಇನ್ನೊಂದು ದುಡ್ಡಿನ ವಿಷಯ ಕೇಳಿ," ಅಂದರು ಅಕ್ಕ. "ನಿಮ್ಮ ಆಸ್ತಿ ತೆರಿಗೆ ರಸೀದೀಲಿ ಭಿಕ್ಷುಕರ ಉಪಕರ ಅಂತ ನೂರಕ್ಕೆ ಮೂರು ರೂಪಾಯಿ ಇರುತ್ತೆ, 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಪ್ರಕಾರ. 10,000 ತೆರಿಗೆಗೆ 300. ಪಾಲಿಕೆ ಅದನ್ನ ವಸೂಲಿ ಮಾಡಿ, ಭಿಕ್ಷುಕರನ್ನ ನೋಡಿಕೊಳ್ಳೋ ಕೇಂದ್ರ ಪರಿಹಾರ ಸಮಿತಿಗೆ ಕೊಡಬೇಕು. ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರ ಅವರದೇ. ಆದ್ರೆ ಆ ಕಾಯ್ದೆ ಭಿಕ್ಷೆ ಬೇಡೋರಿಗೆ. ಮೂಟೆ ಹೊರೋನು ಭಿಕ್ಷುಕ ಅಲ್ಲ, ಮನೆ ಇಲ್ಲ ಅಷ್ಟೆ. ಅವನನ್ನೂ ವ್ಯಾನಿಗೆ ಹತ್ತಿಸಿದ್ರೆ ಅವತ್ತಿನ ಕೂಲಿ ಹೋಯ್ತು, ಚೀಲವೂ ಹೋಯ್ತು. ವೇದಿಕೆ ಮೇಲೆ ಆರು ಜನ ಇದ್ರು, ಒಬ್ಬರಿಗೂ ಈ ವ್ಯತ್ಯಾಸ ಗೊತ್ತಿರಲಿಲ್ಲ."

"ಚರಂಡಿ ಬಗ್ಗೆ ಗೊತ್ತಿತ್ತು ಬಿಡಿ," ಅಂದರು ಮೇಷ್ಟ್ರು. "ಹೂಳೆತ್ತಿಸ್ತೀನಿ ಅಂದ್ರು."

"ಎತ್ತಿಸ್ತಾರೆ, ಪಕ್ಕದಲ್ಲೇ ಗುಡ್ಡೆ ಹಾಕ್ತಾರೆ," ಅಂದರು ರಾಯರು. "ಹಸಿ ಹೂಳು ತುಂಬಿದ್ರೆ ಲಾರಿಯಿಂದ ರಸ್ತೆಯುದ್ದ ಸುರಿಯುತ್ತೆ, ಅದಕ್ಕೇ ಎರಡು ದಿನ ಒಣಗಲಿ ಅಂತ ಬಿಡ್ತಾರೆ. ಅದು ಸರಿಯೇ. ಮೂರನೇ ದಿನ ಲಾರಿ ಬರಬೇಕು, ಬರೋದು ಮಳೆ. ಹೂಳು ತವರುಮನೆಗೆ ವಾಪಸ್. ಕೆಲಸದ ಆದೇಶದಲ್ಲೇ 'ಎತ್ತಿ ಸಾಗಿಸುವುದು' ಅಂತ ಒಟ್ಟಿಗೆ ಬರೆಸಬೇಕು, ಸಾಗಿಸೋತನಕ ಬಿಲ್ಲು ತಡೀಬೇಕು."

"ಇದೆಲ್ಲ ವೇದಿಕೆಯಲ್ಲಿ ಕೇಳಬಹುದಿತ್ತಲ್ಲ ರಾಯರೇ?"

"ಒಬ್ಬರಿಗೆ ಒಂದೇ ಪ್ರಶ್ನೆ ಅಂದ್ರು. ಒಂದನ್ನೇ ಕೇಳಿದೆ. 'ನಮ್ಮ ಬೀದಿ ಸ್ವಿಚ್ ಬಾಕ್ಸಿನ ಕೀ ಯಾರ ಹತ್ರ ಇದೆ?' ಎಲ್ಲರೂ ನಕ್ಕರು."

"ನಾನೂ ಅದನ್ನೇ ಕೇಳಿದ್ದು," ಅಂದರು ಅಕ್ಕ. "ರಾತ್ರಿ ಹನ್ನೆರಡಕ್ಕೆ ತಂಗುದಾಣದ ಗೇಟಿನ ಕೀ ಯಾರ ಹತ್ರ ಇರುತ್ತೆ? ಬಸ್ ಸ್ಟಾಂಡ್ ಶೌಚಾಲಯದ್ದು? ಮೈಕು ಕಿತ್ತುಕೊಂಡ್ರು."

ಗೌಡ್ರು ಎದ್ದು ದರ್ಶಿನಿ ಹಿಂಬದಿಗೆ ಹೋದವರು ಅಷ್ಟೇ ಬೇಗ ವಾಪಸ್ ಬಂದರು. ಮುಖ ಗಂಟಿಕ್ಕಿತ್ತು.

"ಏನಾಯ್ತು ಗೌಡ್ರೇ?"

"ಬೀಗ ಹಾಕಿದಾರೆ ಕಣ್ರೀ. ಕೀ ಓನರ್ ಹತ್ರ ಅಂತೆ. ಓನರ್ ಪ್ರಚಾರಕ್ಕೆ ಹೋಗಿದಾನಂತೆ."