ಎಂಬಿ-2 ಕಾಣುತ್ತಿಲ್ಲ, ಎಷ್ಟು ಆಳ ಹುಡುಕಬೇಕು?

ಪ್ರಶ್ನೆ: ಸರ್, ಮೇಲಿನ ಮೊದಲ ಮೋಲಾರ್‌ಗೆ (ದವಡೆ ಹಲ್ಲಿಗೆ) ಆರ್‌ಸಿಟಿ (ರೂಟ್ ಕೆನಾಲ್ ಚಿಕಿತ್ಸೆ) ನಡೆಯುತ್ತಿದೆ. ಎಂಬಿ (ಕೆನ್ನೆ ಬದಿಯ ಮುಂದಿನ ಬೇರಿನದು), ಡಿಬಿ (ಕೆನ್ನೆ ಬದಿಯ ಹಿಂದಿನದು), ಪ್ಯಾಲಟಲ್ (ಅಂಗುಳಿನ ಬದಿಯದು) ಮೂರೂ ಕೆನಾಲ್ (ಬೇರಿನೊಳಗಿನ ನಾಳ) ಸಿಕ್ಕಿವೆ. ಎಂಬಿ ಬೇರಿನ ಎರಡನೇ ಕೆನಾಲ್ ಎಂಬಿ-2 ಮಾತ್ರ ಎಕ್ಸ್‌ರೇಯಲ್ಲೂ ಇಲ್ಲ, ಕಣ್ಣಿಗೂ ಬೀಳುತ್ತಿಲ್ಲ. ಇನ್ನೂ ಕೊರೆದರೆ ಪರ್ಫೊರೇಶನ್ (ಹಲ್ಲಿಗೆ ತೂತು) ಆಗುವ ಭಯ. ಇಲ್ಲವೆಂದುಕೊಂಡು ತುಂಬಿಬಿಡಬಹುದೇ?

ಉತ್ತರ: ಈಗಲೇ ತುಂಬಬೇಡಿ. ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಅದು ಇರುತ್ತದೆ, ಹಾಗಾಗಿ ಇದೆ ಎಂದುಕೊಂಡೇ ಹುಡುಕಬೇಕು. ಎಂಬಿ ಬೇರು ಕೆನ್ನೆಯಿಂದ ಅಂಗುಳಿನ ಕಡೆಗೆ ಅಗಲ, ಇನ್ನೊಂದು ದಿಕ್ಕಿಗೆ ಚಪ್ಪಟೆ. ನೇರ ಎಕ್ಸ್‌ರೇಯಲ್ಲಿ ಒಂದು ಕೆನಾಲ್ ಇನ್ನೊಂದರ ಹಿಂದೆ ಅಡಗುತ್ತದೆ. ಎಂಬಿ-1ರಲ್ಲಿ (ಈಗ ಸಿಕ್ಕಿರುವ ಎಂಬಿಯಲ್ಲಿ) ಫೈಲ್ (ಕೆನಾಲ್ ಕೆರೆಯುವ ಸೂಜಿಯಂಥ ಉಪಕರಣ) ಇಟ್ಟು, ಟ್ಯೂಬನ್ನು ಸುಮಾರು 20 ಡಿಗ್ರಿ ಓರೆ ಮಾಡಿ ಮತ್ತೊಂದು ಎಕ್ಸ್‌ರೇ ತೆಗೆಯಿರಿ. ಫೈಲ್ ಬೇರಿನ ನಡುವೆ ಕೂರದೆ ಒಂದು ಬದಿಗೆ ಸರಿದಿದ್ದರೆ ಎರಡನೆಯದು ಇದೆಯೆಂದೇ ಹಿಡಿಯಿರಿ.

ಆಕ್ಸೆಸ್ (ಹಲ್ಲಿನಲ್ಲಿ ಕೊರೆದ ಕಿಂಡಿ) ತ್ರಿಕೋನವಾಗಿದ್ದರೆ ಮೀಸಿಯಲ್ (ಮುಂದಿನ ಹಲ್ಲುಗಳ) ಕಡೆ ಹಿಗ್ಗಿಸಿ. ಎಂಬಿ-1ರಿಂದ ಪ್ಯಾಲಟಲ್ ಕೆನಾಲ್‌ನ ಬಾಯಿಗೆ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಎಂಬಿ-1ರಿಂದ 1ರಿಂದ 3 ಮಿ.ಮೀ. ದೂರದಲ್ಲಿ, ಆ ಗೆರೆಯ ಮೇಲೆ ಅಥವಾ ಸ್ವಲ್ಪ ಮೀಸಿಯಲ್‌ಗೆ ಅದು ಸಿಗುತ್ತದೆ. ಮೀಸಿಯಲ್ ಗೋಡೆಯಿಂದ ಚಾಚಿದ ಡೆಂಟಿನ್ (ಹಲ್ಲಿನ ಗಟ್ಟಿ ಒಳಪದರ) ಅದನ್ನು ಮುಚ್ಚಿರುತ್ತದೆ, ಹೆಚ್ಚಿನವರು ಸೋಲುವುದು ಇಲ್ಲಿಯೇ. ಸಣ್ಣ ಅಲ್ಟ್ರಾಸಾನಿಕ್ ಟಿಪ್‌ನಿಂದ ಆ ಚಾಚನ್ನು ಸ್ವಲ್ಪ ಸ್ವಲ್ಪವೇ ಕೆರೆಯಿರಿ, ಆಗಾಗ ಒಣಗಿಸಿ ನೋಡಿ. ಚೇಂಬರ್‌ನ (ಹಲ್ಲಿನೊಳಗಿನ ಕೋಣೆಯ) ನೆಲ ಗಾಢ ಬಣ್ಣದ್ದು, ಗೋಡೆ ತಿಳಿ ಬಣ್ಣದ್ದು. ಎಂಬಿ-1ರಿಂದ ಹೊರಟ ಕಪ್ಪು ಗೆರೆಯೇ ನಿಮ್ಮ ದಾರಿ. ಬೇರುಗಳ ಕವಲು ಇರುವುದು ಡಿಸ್ಟಲ್ (ಹಿಂದಿನ) ಕಡೆ, ಆದ್ದರಿಂದ ಕೈ ಸದಾ ಮೀಸಿಯಲ್‌ಗೇ ವಾಲಲಿ. 2 ಮಿ.ಮೀ. ಇಳಿದೂ ಸಿಗದಿದ್ದರೆ ನಿಲ್ಲಿಸಿ, ಎಕ್ಸ್‌ರೇ ತೆಗೆದು ದಿಕ್ಕು ನೋಡಿಕೊಂಡೇ ಮುಂದುವರಿಯಿರಿ. ಚೇಂಬರ್‌ನಲ್ಲಿ ಹೈಪೊಕ್ಲೋರೈಟ್ (ತೊಳೆಯುವ ದ್ರಾವಣ) ಬಿಟ್ಟು ಕಾಯುವುದೂ ಉಪಯುಕ್ತ: ಒಳಗೆ ಪಲ್ಪ್ (ಹಲ್ಲಿನ ಮೃದು ತಿರುಳು) ಉಳಿದಿದ್ದರೆ ಆ ಬಿಂದುವಿನಿಂದ ಗುಳ್ಳೆ ಏಳುತ್ತವೆ.

ಪ್ರಶ್ನಿಸಿದವರು: ಎಕ್ಸ್‌ಪ್ಲೋರರ್ (ಹುಡುಕುವ ಚೂಪು ಕಡ್ಡಿ) ಕಚ್ಚಿತು ಸರ್! ಆದರೆ 10ರ ಅಳತೆಯ ಫೈಲ್ 1 ಮಿ.ಮೀ.ಗೇ ನಿಲ್ಲುತ್ತಿದೆ.

ಉತ್ತರ: ಒತ್ತಬೇಡಿ, ಲೆಡ್ಜ್ (ಗೋಡೆಯಲ್ಲಿ ಮೆಟ್ಟಿಲು) ಆಗುತ್ತದೆ. ಆ ಕೆನಾಲ್ ಮೊದಲ ಕೆಲವು ಮಿ.ಮೀ. ಮೀಸಿಯಲ್‌ಗೆ ವಾಲಿ ಆಮೇಲೆ ಬೇರಿನ ತುದಿಯ ಕಡೆಗೆ ತಿರುಗುತ್ತದೆ, ಫೈಲ್ ತುದಿ ಆ ಮೀಸಿಯಲ್ ಗೋಡೆಗೆ ಗುದ್ದುತ್ತಿದೆ. ಉಳಿದ ಚಾಚನ್ನು ಮೊದಲು ತೆಗೆದು, ಇನ್ನೂ ಸಪೂರವಾದ 8ರ ಫೈಲನ್ನು ಡಿಸ್ಟಲ್ ಕಡೆಯಿಂದ ಓರೆಯಾಗಿ ತೂರಿಸಿ, ಗಡಿಯಾರದ ಕೀ ತಿರುಗಿಸುವಂತೆ ಹಗುರವಾಗಿ ಆಡಿಸಿ.

ಇನ್ನೊಬ್ಬ ಎಂಡೊಡಾಂಟಿಸ್ಟ್ (ರೂಟ್ ಕೆನಾಲ್ ತಜ್ಞ): ಮೈಕ್ರೋಸ್ಕೋಪ್ ಅಥವಾ ಲೂಪ್ಸ್ (ಕನ್ನಡಕದಂಥ ಭೂತಗನ್ನಡಿ) ಇಲ್ಲದೆ ಇದು ಬಹಳ ಕಷ್ಟ. ಸಿಬಿಸಿಟಿ (3ಡಿ ಎಕ್ಸ್‌ರೇ) ಬೇಕಾದರೆ ಗಟಾಪರ್ಚಾ (ಕೆನಾಲ್ ತುಂಬುವ ರಬ್ಬರಿನಂಥ ವಸ್ತು) ತುಂಬುವ ಮೊದಲೇ ಮಾಡಿಸಿ, ತುಂಬಿದ ಮೇಲೆ ಅದರ ಗೆರೆಗಳು ಚಿತ್ರ ಕೆಡಿಸುತ್ತವೆ.

ಮತ್ತೊಬ್ಬರ ಪ್ರಶ್ನೆ: ಕೆಳಗಿನ ಮೊದಲ ಮೋಲಾರ್‌ನಲ್ಲಿ ಡಿಸ್ಟಲ್ ಕೆನಾಲ್ ನಡುವೆ ಇಲ್ಲದೆ ಕೆನ್ನೆಯ ಕಡೆಗಿದೆ. ಏನರ್ಥ?

ಉತ್ತರ: ನಾಲಗೆಯ ಕಡೆ, ನಡುವಿನಿಂದ ಅಷ್ಟೇ ದೂರದಲ್ಲಿ, ಇನ್ನೊಂದನ್ನು ಹುಡುಕಿ. ಕ್ರಾಸ್ನರ್ ಮತ್ತು ರ‍್ಯಾಂಕೋ 2004ರಲ್ಲಿ ವಿವರಿಸಿದ ಈ ಸಮಮಿತಿಯ ನಿಯಮ ಮೇಲಿನ ಮೋಲಾರ್‌ಗಳನ್ನು ಬಿಟ್ಟು ಉಳಿದ ಹಲ್ಲುಗಳಿಗೆ ಅನ್ವಯಿಸುತ್ತದೆ. ಆ ಕೆನಾಲ್‌ನ ಬಾಯಿ ನಾಲಗೆಯ ಕಡೆಗೆ ತೀರಾ ದೂರವಿದ್ದರೆ ಅದು ಪ್ರತ್ಯೇಕ ಮೂರನೆಯ ಬೇರೇ ಇರಬಹುದು, ಪೂರ್ವ ಏಷ್ಯಾದವರಲ್ಲಿ ಇದು ಹೆಚ್ಚು. ಅದರ ಬಾಗು ಹೆಚ್ಚಾಗಿ ಕೆನ್ನೆಯ ದಿಕ್ಕಿಗಿರುವುದರಿಂದ ಎಕ್ಸ್‌ರೇಯಲ್ಲಿ ನೇರವಾಗಿಯೇ ಕಾಣುತ್ತದೆ. ಅದನ್ನು ನಂಬಿ ಗಡಸು ಫೈಲ್ ಇಳಿಸಬೇಡಿ.