ಬಫಲೋದಲ್ಲಿ ಲೇಕ್ ದಡದ ಮನೆ ಬಾಡಿಗೆಗೆ ತೆಗೆದುಕೊಳ್ಳಬಹುದಾ?

ತುಂಗೆಯ ಮಗಳು:
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಟೆಕ್ಸಸ್‌ನಿಂದ ನ್ಯೂಯಾರ್ಕ್ ರಾಜ್ಯದ ಬಫಲೋಗೆ ಬರುತ್ತಿದ್ದೇವೆ. ಮಗುವಿಗೆ ಎರಡು ವರ್ಷ. ಬಫಲೋದ ದಕ್ಷಿಣಕ್ಕಿರುವ ಹ್ಯಾಂಬರ್ಗ್‌ನಲ್ಲಿ ಈರಿ ಲೇಕ್ ದಡದಲ್ಲೇ ಮನೆ ಸಿಕ್ಕಿದೆ, ಕಿಟಕಿ ತೆಗೆದರೆ ನೀರು. ನಮ್ಮ ಯಜಮಾನರ ಆಫೀಸು ಉತ್ತರದ ಕಡೆಯ ಆಮ್‌ಹರ್ಸ್ಟ್‌ನಲ್ಲಿ. ಸ್ನೋ ಜಾಸ್ತಿ ಅಂತ ಗೊತ್ತು. ಪ್ರವಾಹವೂ ಬರುತ್ತದೆ ಅಂದರು ಒಬ್ಬರು. ಅಷ್ಟು ಚಳಿಯಲ್ಲಿ ಪ್ರವಾಹ ಹೇಗೆ?

ಸೌತ್ ಬಫಲೋ ನಿವಾಸಿ:
ಆ ಮನೆ ಬೇಡ ಅಮ್ಮಾ, ಮಗು ಬೇರೆ ಇದೆ. 2013ರಿಂದ ಇಲ್ಲಿದ್ದೇನೆ, ನೋಡಿದ್ದನ್ನೇ ಹೇಳುತ್ತೇನೆ.

ಈರಿ ಲೇಕ್ ನೈಋತ್ಯದಿಂದ ಈಶಾನ್ಯಕ್ಕೆ ಉದ್ದಕ್ಕೆ ಚಾಚಿಕೊಂಡಿದೆ. ನಾವಿರುವುದು ಅದರ ತುದಿಯಲ್ಲಿ. ಆಳವೂ ಕಡಿಮೆ, ಸರಾಸರಿ 19 ಮೀಟರ್. ಗಾಳಿ ಉದ್ದಕ್ಕೂ ಜೋರಾಗಿ ಬೀಸಿದರೆ ನೀರು ನಮ್ಮ ಕಡೆಗೆ ತಳ್ಳಿಕೊಂಡು ಬಂದು ಏರುತ್ತದೆ, ಆ ತುದಿಯ ಟೊಲೀಡೋದಲ್ಲಿ ಇಳಿಯುತ್ತದೆ. ಇದಕ್ಕೆ ಇಲ್ಲಿ ಸೇಶ್ ಅನ್ನುತ್ತಾರೆ. ಒಂದು ಹನಿ ಮಳೆಯೂ ಬೇಕಿಲ್ಲ. ಅಲೆ ನುಗ್ಗಿದರೆ ದಡದ ಪಕ್ಕದ ಹೆದ್ದಾರಿ ರೂಟ್ 5 ಮುಚ್ಚುತ್ತಾರೆ.

2020ರ ಫೆಬ್ರವರಿ ಕೊನೆಗೆ ಹ್ಯಾಂಬರ್ಗ್‌ನ ಹೂವರ್ ಬೀಚ್‌ಗೆ ಹೋಗಿದ್ದೆ. ಅಲೆಯ ನೀರು ಮನೆಗಳ ಮೇಲೆ ಎರಚಿ ಎರಚಿ ಅಲ್ಲೇ ಮಂಜುಗಡ್ಡೆಯಾಗಿತ್ತು. ಬಾಗಿಲು ಯಾವುದು, ಕಿಟಕಿ ಯಾವುದು ಗೊತ್ತಾಗಲಿಲ್ಲ. ಸೂರಿನಿಂದ ನೆಲದವರೆಗೆ ತೊಡೆ ದಪ್ಪದ ಗಡ್ಡೆಗಳು. ಅಲ್ಲಿ ನಿಂತು ನನಗೆ ನಿಜವಾಗಿ ಭಯವಾಯಿತು.

ಸ್ನೋ ಕೂಡ ಊರಿಗೆಲ್ಲ ಸಮನಾಗಿ ಬೀಳುವುದಿಲ್ಲ. ಲೇಕ್ ಇನ್ನೂ ಬೆಚ್ಚಗಿರುವಾಗ ಕೊರೆಯುವ ಗಾಳಿ ಅದರ ಮೇಲೆ ಬಂದರೆ, ಕಿರಿದಾದ ಪಟ್ಟಿಯ ಹಾಗೆ ಸುರಿಯುತ್ತದೆ. 2014ರ ನವೆಂಬರ್‌ನಲ್ಲಿ ನಮ್ಮ ಕಡೆ ಐದಡಿಗೂ ಜಾಸ್ತಿ. ಆಮ್‌ಹರ್ಸ್ಟ್‌ನಲ್ಲಿದ್ದ ಗೆಳೆಯ ಫೋನ್ ಮಾಡಿ "ಯಾಕೆ ಊಟಕ್ಕೆ ಬರಲಿಲ್ಲ?" ಅಂದ. ಅವನ ಅಂಗಳದಲ್ಲಿ ಕೆಲವೇ ಇಂಚು.

ಎಲ್ಮ್‌ವುಡ್ ಅಕ್ಕ:
ಆದರೆ ಉತ್ತರದ ಕಡೆ ಅಂತ ಧೈರ್ಯವಾಗಿರಬೇಡಿ. 2022ರ ಕ್ರಿಸ್‌ಮಸ್ ಬಿರುಗಾಳಿ 37 ಗಂಟೆ ಬಿಡಲಿಲ್ಲ. ಎದುರಿನ ಮನೆ ಕಾಣುತ್ತಿರಲಿಲ್ಲ. 47 ಜನ ತೀರಿಕೊಂಡರು, ಕೆಲವರು ಕಾರಿನಲ್ಲೇ. ಆಂಬುಲೆನ್ಸ್‌ಗಳೂ ಸ್ನೋದಲ್ಲಿ ಸಿಕ್ಕಿಹಾಕಿಕೊಂಡವು. ಟ್ರಾವೆಲ್ ಬ್ಯಾನ್ ಅಂದರೆ ಹಾಲು ತರಲೂ ಹೊರಡಬೇಡಿ. ಮಗುವಿನ ಔಷಧಿ, ಡೈಪರ್ ವಾರಕ್ಕಾಗುವಷ್ಟು ಮನೆಯಲ್ಲಿರಲಿ.

ಇನ್ನೊಂದು. ನಮ್ಮ ಮನೆ ಬೆಚ್ಚಗಿಡುವ ಫರ್ನೇಸ್‌ನ ಹೊಗೆ ಪೈಪು ಪಕ್ಕದ ಗೋಡೆಯಲ್ಲಿ, ಮಂಡಿಯೆತ್ತರದಲ್ಲಿದೆ. ಸ್ನೋ ಮುಚ್ಚಿದರೆ ವಿಷಗಾಳಿ ಒಳಗೇ ತುಂಬುತ್ತದೆ. ಆ ರಾತ್ರಿ ಗಂಟೆಗೊಮ್ಮೆ ಬಾಗಿಲು ತಳ್ಳಿ, ಗೋಡೆ ಹಿಡಿದುಕೊಂಡೇ ಹೋಗಿ, ಕಸದ ಮೊರದಲ್ಲಿ ಬಗೆದು ಬರುತ್ತಿದ್ದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಕೋಣೆ ಹತ್ತಿರವೇ ಹಾಕಿಸಿ.

ಸೌತ್ ಬಫಲೋ ನಿವಾಸಿ:
ಅಕ್ಕ ಹೇಳಿದ್ದು ಸರಿ. ಕರಗುವಾಗಲೂ ಹುಷಾರು. 2014ರಲ್ಲಿ ಸ್ನೋ ನಿಂತ ಮೂರೇ ದಿನಕ್ಕೆ 60 ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ಅಷ್ಟೂ ನೀರಾಗಿ ಹಳ್ಳ ಉಕ್ಕುತ್ತದೆ ಅಂತ ಎಲ್ಲರೂ ಕ್ಯಾಜನೋವಿಯಾ ಕ್ರೀಕ್ ಕಡೆಗೇ ಕಣ್ಣಿಟ್ಟಿದ್ದೆವು. ನಮ್ಮ ಬೇಸ್‌ಮೆಂಟ್‌ನಲ್ಲಿ ಪಾದ ಮುಳುಗುವಷ್ಟು ನೀರು. ಊರಿಂದ ತಂದಿದ್ದ ಅಮ್ಮನ ಸೀರೆಗಳ ಪೆಟ್ಟಿಗೆ ನೆಲದ ಮೇಲಿತ್ತು. ಬೇಸ್‌ಮೆಂಟ್ ನೀರು ಹೊರಹಾಕುವ ಸಂಪ್ ಪಂಪ್ ಇದೆಯಾ, ಕರೆಂಟ್ ಹೋದರೆ ಓಡುತ್ತದಾ, ಎರಡೂ ಕೇಳಿ.

ತುಂಗೆಯ ಮಗಳು:
ದಡದ ಮನೆ ಬೇಡ ಅಂತ ಈಗಷ್ಟೇ ಫೋನ್ ಮಾಡಿ ಹೇಳಿದೆ. ಆಮ್‌ಹರ್ಸ್ಟ್‌ನಲ್ಲಿ ಇನ್ನೊಂದು ಮನೆ ನೋಡುತ್ತಿದ್ದೇವೆ. ಹೊಗೆ ಪೈಪು ಎಲ್ಲಿದೆ ಅಂತ ಫೋಟೊ ಕೇಳಿದ್ದೇನೆ. ಬಂದರೆ ಇಲ್ಲಿ ಹಾಕುತ್ತೇನೆ, ಅಕ್ಕ, ದಯವಿಟ್ಟು ನೋಡಿ ಹೇಳಿ.